ಗುಡ್ಡೆಯ ತಲೆಗೆ ಹಸಿರು ಗರಿಕೆ

ಫಸಲಿ ೧೩೫೨, ಉರ್ದಿಬೆಹಿಶ್ತ್ ತಿಂಗಳ ೨೮. ಮಕ್ತಲ್

ಹಾಜರಿ ಇಪ್ಪತ್ತೊಂದು. ಗಂಡಾಳು ಐದು, ಹೆಣ್ಣಾಳು ಹದಿನಾರು. ಐದರಲ್ಲಿ ಮೂವರು ಮುದುಕರು, ಒಬ್ಬ ಕುಂಟ. ಗಟ್ಟಿ ಗಂಡಸರೆಲ್ಲ ಮುಂಬಯಿಯ ಬಂದರಿಗೆ, ಸೋಲಾಪುರದ ಗಿರಣಿಗೆ, ಪಲಟಣಿಗೆ. ಯುದ್ಧ ಎಲ್ಲೋ — ಇಲ್ಲಿ ಮಕ್ತಲಿನಿಂದ ನಾರಾಯಣಪೇಟೆಗೆ ಹೋಗುವ ಸಡಕಿಗೆ ಹೆಂಗಸರು ಮಣ್ಣು ಹೊರುತ್ತಾರೆ. ಗುತ್ತೇದಾರ ಶಿವಶಂಕರಪ್ಪನಿಗೆ ಇದೊಂದು ಧರ್ಮಕಾರ್ಯವಂತೆ. ‘ಗಂಡಸರಿಲ್ಲದ ಮನಿಗೆ ಅನ್ನ ಹಾಕಾಕತ್ತೀನಿ’ ಎಂದು ಬಂದವರೆದುರಿಗೆಲ್ಲ ಹೇಳುತ್ತಾನೆ. ಗಂಡಾಳಿಗೆ ಎಂಟಾಣೆ, ಹೆಣ್ಣಾಳಿಗೆ ನಾಲ್ಕಾಣೆ. ಅದೇ ಗುದ್ದಲಿ, ಅದೇ ಬುಟ್ಟಿ. ಧರ್ಮ ಅರ್ಧ ಬೆಲೆಗೆ ಸಿಕ್ಕಿದೆ.

ತಾಲೂಕಿನಿಂದ ಮತ್ತೆ ಆ ಫಾರ್ಮು ಬಂತು. ಈ ವರ್ಷದ ಹೊಸ ರೋಗ. ತಿಂಗಳಿಗೊಂದು. ಎಷ್ಟು ಆಳು, ಯಾರಿಗೆ ಎಷ್ಟು ದಿನಗೂಲಿ, ಹೋದ ತಿಂಗಳಿಗಿಂತ ಏರಿತೋ ಇಳಿಯಿತೋ. ಕೊನೆಗೆ ‘ಕೈಫಿಯತ್’ ಅಂತ ಸಣ್ಣದೊಂದು ಮನೆ, ಹೇಳುವುದೇನಾದರೂ ಇದ್ದರೆ ಬರೆಯಲಿಕ್ಕೆ. ಅದರ ಕೆಳಗೆ ಹಾಜರಿ ಮುನ್ಷಿಯ ದಸ್ತಖತ್ತು: ಕೂಲಿ ಪೂರ್ತಿ ಮುಟ್ಟಿದೆ, ತಕರಾರಿಲ್ಲ. ಆ ದಸ್ತಖತ್ತಿಲ್ಲದೆ ಗುತ್ತೇದಾರನಿಗೆ ಬಿಲ್ಲು ಇಲ್ಲ. ಮುನ್ಷಿ ನಾನು.

ಶಿವಶಂಕರಪ್ಪ ಎಲೆ ಮಡಿಸುತ್ತ ಹೇಳಿದ. ‘ಬರೀರಿ ಅಯ್ಯನವರ. ಗಂಡಾಳು ಹತ್ತಾಣೆ. ಹೆಣ್ಣಾಳು ಏಳು.’

ಬರೆದೆ. ‘ಕೈಫಿಯತ್?’ ಎಂದೆ.

‘ಏನೂ ಇಲ್ಲ ಅಂತ ಬರೀರಿ. ಹೇಳಾಕ ಏನೈತಿ?’

ಬರೆದೆ.

ಈ ಅಂಕಿ ನೋಡಿಯೇ ಮುಂದಿನ ಗುತ್ತಿಗೆಯ ರೇಟು ಏರಿಸುತ್ತಾರೆ. ಹೈದರಾಬಾದಿನಲ್ಲಿ ಯಾರೋ ಕೂತು ಇಂಥ ಫಾರ್ಮುಗಳನ್ನೆಲ್ಲ ಕೂಡಿಸಿ ಒಂದು ಗೆರೆ ಎಳೆಯುತ್ತಿರಬೇಕು. ಗೆರೆ ಮೇಲೆ ಹೋಗುತ್ತದೆ. ಕೂಲಿಯವರು ಸುಖವಾಗಿದ್ದಾರೆ ಎಂದುಕೊಂಡು ಆತ ಮನೆಗೆ ಹೋಗಿ ಉಣ್ಣುತ್ತಾನೆ. ಹತ್ತು ವರ್ಷದ ಹಿಂದೆ, ಎಲ್ಲ ಧಾರಣೆಯೂ ನೆಲ ಕಚ್ಚಿದ್ದಾಗ, ಗಂಡಾಳಿಗೆ ನಾಲ್ಕಾಣೆ, ಹೆಣ್ಣಾಳಿಗೆ ಎರಡು. ಆಗ ರೂಪಾಯಿಗೆ ಹದಿನಾರು ಸೇರು ಜೋಳ. ಈಗ ಐದು. ಕೂಲಿ ಎರಡು ಪಟ್ಟಾಯಿತು, ಜೋಳ ಮೂರು ಪಟ್ಟು ದಾಟಿತು. ಈ ಗೆರೆ ಎಳೆಯುವವರು ಯಾರೂ ಇಲ್ಲ.

ಸಂಜೆ ಮನೆ. ಚನ್ನವ್ವ ರೊಟ್ಟಿ ಹಾಕಿ ಒಳಗೆ ಹೋದಳು. ತಮ್ಮ ವೀರಯ್ಯ ತೀರಿಹೋಗಿ ಮೂರು ತಿಂಗಳ ಮೇಲಾಯಿತು. ಅವನ ಹೆಂಡತಿ ಇವಳು, ನನ್ನೊಡನೆ ದಿನಕ್ಕೆ ನಾಲ್ಕು ಮಾತು ಆಡುವುದಿಲ್ಲ. ಅವನ ಓಳಂಬ, ಗೋಡೆಯ ನೇರ ನೋಡುವ ಗುಂಡುದಾರ, ಕಿಟಕಿಯ ಮೊಳೆಗೆ ಹಾಗೇ ತೂಗುತ್ತಿದೆ. ಈ ಮನೆಯ ಗೋಡೆ ಸೊಟ್ಟ ಎಂದು ದಿನವೂ ತೋರಿಸುತ್ತದೆ. ಕಲ್ಲು ಕಟ್ಟುವ ಗೌಂಡಿಯ ಮನೆ.


ಉರ್ದಿಬೆಹಿಶ್ತ್ ೩೦

ಇವತ್ತು ಪೆಂಟಮ್ಮ ಶಿವಶಂಕರಪ್ಪನ ಬಾಯಿ ಮುಚ್ಚಿಸಿದಳು. ಹದಿನಾರು ಹೆಂಗಸರಿಗೆ ಅವಳೇ ಹಿರಿಯಳು. ಕುರುಬರ ಹೆಣ್ಣು, ಬೀರಪ್ಪನ ಒಕ್ಕಲು. ಗಿಡ್ಡಿ. ಬೇವಿನ ಗಿಡದ ಕೆಳಗೆ ಸೆರಗು ಸಿಕ್ಕಿಸಿ ನಿಂತಳು.

‘ಗುತ್ತೇದಾರ್ರ, ದಿನಗೂಲಿ ಸಾಕು. ಇನ್ನ ಮಣ್ಣಿನ ಮ್ಯಾಲೆ ಕೊಡ್ರಿ.’

‘ಅಂದ್ರ?’

‘ಬ್ರಾಸಿನ ಲೆಕ್ಕ. ತೋಡಿದಷ್ಟು. ವಡ್ಡರಿಗೆ ಕೊಡ್ತಿದ್ರಲ್ಲ, ಹಂಗ.’

‘ಹೆಣ್ಣಾಳಿಗೆ ಬ್ರಾಸಿನ ರೇಟು ಬ್ಯಾರೆ ಐತವಾ.’

‘ಯಾಕ? ನಾವು ತೋಡಿದ್ದು ಹೆಣ್ಣು ಮಣ್ಣೇನು? ಸಡಕಿನ ಮ್ಯಾಲೆ ಹಾಕಿದ ಮ್ಯಾಲೆ ನಿಮ್ಮ ಮೋಟಾರು ನಮ್ಮ ಮಣ್ಣಾಗ ಅಷ್ಟ ಸಿಕ್ಕೊಂತೈತೇನು?’

ಹೆಂಗಸರು ನಕ್ಕರು. ಶಿವಶಂಕರಪ್ಪನೂ ನಕ್ಕ, ತಡವಾಗಿ.

‘ಇಲ್ಲಂದ್ರ ಹೇಳ್ರಿ. ನಾಳಿಗೆ ಹದಿನಾರೂ ಮಂದಿ ಐಜ ಊರಿಗೆ ಹೊಕ್ಕೀವಿ, ಶೇಂಗಾ ಒಡಿಯಾಕ. ಅಲ್ಲಿ ನೆರಳರ ಐತಿ.’

ಮಳೆಗಾಲಕ್ಕೆ ಎರಡು ತಿಂಗಳೂ ಇಲ್ಲ. ಅಷ್ಟರೊಳಗೆ ಸಡಕಿನ ಏರಿ ಎದ್ದಿರಬೇಕು. ಬೇರೆ ಆಳು ತರೋಣವೆಂದರೆ ಊರಲ್ಲಿ ಗಂಡಸರೇ ಇಲ್ಲ. ಒಪ್ಪಿದ. ನೂರು ಘನ ಅಡಿಯ ಒಂದು ಬ್ರಾಸಿಗೆ ಒಂದೂವರೆ ರೂಪಾಯಿ. ಇವರು ದುಡಿಯುವ ರೀತಿಗೆ ಒಬ್ಬಳಿಗೆ ದಿನಕ್ಕೆ ಎಂಟಾಣೆ ಬೀಳುತ್ತದೆ. ಗಂಡಸಿನ ಕೂಲಿ. ಶಿವಶಂಕರಪ್ಪನಿಗೂ ಆ ಲೆಕ್ಕ ಗೊತ್ತು. ಇಷ್ಟು ಸಲೀಸಾಗಿ ಒಪ್ಪುವ ಪ್ರಾಣಿ ಅಲ್ಲ ಅದು.

ಅಳತೆಯ ಕ್ರಮ ಹಳೆಯದೇ. ಪ್ರತಿ ಗುಂಡಿಯ ನಡುವೆ ಒಂದು ಗುಡ್ಡೆ ಬಿಡಬೇಕು, ತೋಡದೆ. ಅದರ ತಲೆಯೇ ಮೊದಲಿದ್ದ ನೆಲದ ಮಟ್ಟ. ತಲೆಯ ಮೇಲಿನ ಹುಲ್ಲು ಕೂಡ ಹಾಗೇ ಇರಬೇಕು. ಯಾರೂ ಕೆತ್ತಿಲ್ಲ, ಯಾರೂ ಏರಿಸಿಲ್ಲ ಎಂಬುದಕ್ಕೆ ಆ ಹುಲ್ಲೇ ರುಜುವಾತು. ಗುಂಡಿಯ ದಂಡೆಯನ್ನು ಅಳೆಯುವುದಿಲ್ಲ, ಬುಟ್ಟಿ ಹೊತ್ತವರು ಹತ್ತಿ ಇಳಿದು ದಂಡೆ ಉದುರುತ್ತದೆ. ಗುಡ್ಡೆಯ ಎತ್ತರವೇ ಆಳ. ದುಡ್ಡು ಕೈಗೆ ಬಂದ ಮೇಲೆ ಗುಡ್ಡೆ ಒಡೆಯುತ್ತಾರೆ.

ಇಲ್ಲಿ ಕಾಗದವನ್ನು ಯಾರೂ ನಂಬುವುದಿಲ್ಲ, ಮಣ್ಣನ್ನು ನಂಬುತ್ತಾರೆ. ಸರಿಯೇ. ಕಾಗದ ಬರೆಯುವವನು ನಾನಲ್ಲವೇ.


ಖುರ್ದಾದ್ ೨

ಊಟವಾದ ಮೇಲೆ ಚನ್ನವ್ವ ಬಾಗಿಲ ಹಿಂದಿನಿಂದ:

‘ಭಾವಾರ, ನಾಳಿಯಿಂದ ನಾನೂ ಸಡಕಿಗೆ ಬರ್ತೀನಿ.’

‘ಏನಂದಿ?’

‘ಪೆಂಟಮ್ಮನ್ನ ಕೇಳೀನಿ. ಹೂಂ ಅಂದಾಳ.’

‘ಜಂಗಮರ ಮನಿ ಹೆಣ್ಣುಮಗಳು ಬುಟ್ಟಿ ಹೊತ್ರ ಮಂದಿ ಏನಂತಾರ?’

‘ಯಾವ ಮಂದಿ? ಮನ್ಯಾಗ ಜ್ವಾಳ ಐತೇನು ಅಂತ ಕೇಳಿದ ಮಂದಿನೇನು?’

‘ನನ್ನ ಸಂಬಳ ಐತಲ್ಲ.’

ಒಳಗೆ ಮಡಿಕೆ ಸರಿಸಿದ ಸದ್ದು. ಆಮೇಲೆ, ‘ಅದು ಗುತ್ತೇದಾರನ ರೊಕ್ಕ.’

ಬೇಡವೆಂದೆ. ಬೇಡ ಎಂದರೆ ಬೇಡ ಎಂದೆ.


ಖುರ್ದಾದ್ ೩

ಬಂದಳು. ನನಗಿಂತ ಮೊದಲೇ. ಸಾಲಿನಲ್ಲಿ ಹದಿನೇಳನೆಯವಳು. ಬಾಲಮ್ಮ ಎಂಬವಳು ಕಿಸಕ್ಕನೆ ನಕ್ಕು, ‘ಅಯ್ಯನವ್ರ ಮನಿ ಸೊಸಿ ಹೊತ್ತ ಮಣ್ಣು ಪ್ರಸಾದ ಆಗ್ತೈತಿ ನೋಡ್ರೆ, ತುಳೀಬ್ಯಾಡ್ರಿ’ ಎಂದಳು. ಚನ್ನವ್ವನೂ ನಕ್ಕಳೋ ಏನೋ, ಸೆರಗು ಅಡ್ಡ ಇತ್ತು.

ಹೆಸರು ಬರೆದೆ. ಚನ್ನವೀರಮ್ಮ, ಗಂಡ ವೀರಯ್ಯ. ಎದುರಿಗೆ: ಹಾಜರ್. ನಾನು ಲೇಖಣಿ ಎತ್ತುವವರೆಗೆ ಅಲ್ಲೇ ನಿಂತು ನೋಡಿದಳು. ಓದು ಬರುವುದಿಲ್ಲ ಅವಳಿಗೆ. ಆದರೂ ನೋಡಿದಳು.


ಖುರ್ದಾದ್ ೧೭

ಎರಡು ವಾರ ಬರೆಯಲಿಲ್ಲ. ಏನೂ ಆಗಲಿಲ್ಲ ಎಂದಲ್ಲ.

ಇವತ್ತು ನಾರಾಯಣಪೇಟೆಯಲ್ಲಿ ಶಿವಶಂಕರಪ್ಪನ ಮನೆಯಲ್ಲಿ ಪೂಜೆ. ಹೋಗಲೇಬೇಕು, ಜಂಗಮನಲ್ಲವೇ. ತಾಮ್ರದ ತಟ್ಟೆಯಲ್ಲಿ ನನ್ನ ಕಾಲಿಟ್ಟು ತೊಳೆದ. ಆ ನೀರು ಕಣ್ಣಿಗೊತ್ತಿಕೊಂಡ, ಕುಡಿದ. ಹೆಂಡತಿ ಮಕ್ಕಳಿಗೂ ಕುಡಿಸಿದ. ಕೈ ತೊಳೆದು ಬಂದು ಎಲೆಯ ಮುಂದೆ ಕೂತವನೇ ಧಣಿಯಾದ.

‘ಈ ಹೆಂಗಸರು ರಾಕ್ಷಸರಂಗ ತೋಡಾಕತ್ತಾರ ಅಯ್ಯನವರ.’

ಎಲೆಗೆ ನೀರು ಚಿಮುಕಿಸಿದೆ.

‘ಒಬ್ಬೊಬ್ಬಾಕಿಗೆ ಎಂಟಾಣೆ ಬಿತ್ತಂದ್ರ ತಿಳೀರಿ, ನಾಳಿಗೆ ಗದ್ವಾಲದಾಗ ಕೇಳ್ತಾರ, ಐಜದಾಗ ಕೇಳ್ತಾರ. ಹೊಲದಾಗ ಕಳಿ ತೆಗಿಯೋರೂ ಕೇಳ್ತಾರ. ಒಮ್ಮೆ ಏರಿದ ಕೂಲಿ ಇಳಿಯೂದಿಲ್ಲ. ಹೋಳಿಗಿ ಹಾಕಿಸ್ಕೋರಿ.’

ಹಾಕಿಸಿಕೊಂಡೆ. ತಿಂದೆ.

ಗದ್ವಾಲ ಎನ್ನುವಾಗ ಅವನ ನಾಲಗೆ ತಡವರಿಸಲಿಲ್ಲ. ನನ್ನ ಕೈಯ ತುತ್ತು ನಿಂತಿತು. ಅಲ್ಲಿಯದನ್ನು ಈ ಪುಸ್ತಕದಲ್ಲಿ ಒಮ್ಮೆಯೂ ಬರೆದಿಲ್ಲ. ಬರೆದುಬಿಡುತ್ತೇನೆ, ಯಾರು ಓದುತ್ತಾರೆ.

ಗದ್ವಾಲದ ಗೋದಾಮು, ಇದೇ ಗುತ್ತೇದಾರನ ಕೆಲಸ. ದೊಡ್ಡ ಬಾಗಿಲಿನ ಕಮಾನು. ಗಾರೆ ಹಸಿ ಇತ್ತು. ಕೆಳಗಿನ ಮರದ ಆಧಾರ ಇನ್ನೂ ಎಂಟು ದಿನ ಇರಲಿ ಎಂದು ವೀರಯ್ಯ ಹೇಳಿದ್ದ. ಮರ ಸಿಗದ ಕಾಲ. ಶಿವಶಂಕರಪ್ಪನಿಗೆ ಆ ಮರ ಬೇರೊಂದು ಕಡೆಗೆ ಬೇಕಿತ್ತು. ತೆಗೆಸಿದ. ಚಳಿಗಾಲದ ಬಹಮನ್ ಹನ್ನೊಂದು, ಮಧ್ಯಾಹ್ನ. ವೀರಯ್ಯ ಕಮಾನಿನ ಕೆಳಗಿದ್ದ.

ಕಲ್ಲು ಎತ್ತಿ ಹೆಣ ಹೊರಗೆ ತೆಗೆಯುವುದಕ್ಕೂ ಮೊದಲು ಶಿವಶಂಕರಪ್ಪ ಹಾಜರಿ ಬುಕ್ಕು ಹಿಡಿದು ಬಂದ. ಅಳುತ್ತಿದ್ದ. ನಿಜವಾಗಿ ಅಳುತ್ತಿದ್ದ, ಅದೇ ಹೇಸಿಗೆ. ‘ಗೈರುಹಾಜರ್ ಅಂತ ಬರೀರಿ ಅಯ್ಯನವರ. ರಜಾ ಇದ್ದ, ತನ್ನ ಸಾಮಾನು ಒಯ್ಯಾಕ ಬಂದಿದ್ದ ಅನ್ನೂಣು. ಕೆಲಸದ ಮ್ಯಾಲೆ ಸತ್ತ ಅಂದ್ರ ನನ್ನ ಗುತ್ತಿಗಿ ಹೊಕ್ಕೈತಿ, ನಿಮ್ಮ ನೌಕರಿನೂ ಹೊಕ್ಕೈತಿ. ಅವನ ಹೆಂಡ್ತಿಗೆ ಯಾರು ಹಾಕ್ತಾರ?’

ಬರೆದೆ. ತಮ್ಮನ ಹೆಸರಿನೆದುರು, ಈ ಕೈಯಿಂದ. ಅಕ್ಷರ ಅಲುಗಲಿಲ್ಲ. ನಾಲ್ಕನೇ ಇಯತ್ತೆಯವರೆಗೆ ಅಪ್ಪ ಓದಿಸಿದ್ದು ಇದಕ್ಕೆ.

ಚನ್ನವ್ವನಿಗೆ ಇದು ಗೊತ್ತಿಲ್ಲ. ಕಮಾನು ಬಿದ್ದದ್ದು ಗೊತ್ತು. ಬರೆದದ್ದು ಗೊತ್ತಿಲ್ಲ.


ಖುರ್ದಾದ್ ೨೯

ಓವರ್ಸಿಯರ್ ಸಾಹೇಬರು ಬಂದು ಅಳೆದರು. ಟೇಪಿನ ಇನ್ನೊಂದು ತುದಿ ನನ್ನ ಕೈಯಲ್ಲಿ. ಏಳು ಗುಂಡಿ, ಏಳು ಗುಡ್ಡೆ. ಎಲ್ಲ ನಾಲ್ಕು ಅಡಿ. ಒಂದು ಅರ್ಧ ಇಂಚು ಹೆಚ್ಚೇ.

‘ಯೇ ಸಬ್ ಔರತಾಂ ಖೋದೇ ಕ್ಯಾ?’ ಎಂದರು. ಹೆಂಗಸರು ತೋಡಿದ್ದೇ ಇದೆಲ್ಲ ಎಂದು ಅವರಿಗೆ ನಂಬಿಕೆ ಬರಲಿಲ್ಲ. ಶಿವಶಂಕರಪ್ಪ ತಾನೇ ತೋಡಿದವನಂತೆ ಎದೆ ಉಬ್ಬಿಸಿದ. ಸಾಹೇಬರು ಬುಕ್ಕಿನಲ್ಲಿ ಉರ್ದುವಿನಲ್ಲಿ ಬರೆದುಕೊಂಡು ಚೀಲಕ್ಕೆ ಹಾಕಿದರು. ತೀರ್ ಐದಕ್ಕೆ ಮತ್ತೆ ಬರುತ್ತಾರೆ. ಈ ತಿಂಗಳ ಫಾರ್ಮು ತೆಗೆದುಕೊಂಡು ಬಿಲ್ಲಿಗೆ ಸಹಿ ಹಾಕುತ್ತಾರೆ.

ಸರಕಾರ ಗುತ್ತೇದಾರನಿಗೆ ಕೊಡುವುದು ನಾಲ್ಕು ಅಡಿಯ ದುಡ್ಡು. ಇನ್ನು ಗುತ್ತೇದಾರ ಹೆಂಗಸರಿಗೆ ಅಳೆದು ಕೊಡಬೇಕು. ‘ನಾಡಿದ್ದು ಸಂತಿ ಐತಿ, ಮುಗಿಸಿ ಬರ್ರಿ. ಮರುದಿನ ಅಳೀತೀನಿ’ ಎಂದ. ಸಂತೆಯ ಖರ್ಚಿಗೆಂದು ತಲೆಗೆ ಎರಡಾಣೆ ಕೂಡ ಕೊಟ್ಟ.

ಪೆಂಟಮ್ಮ ನಾಣ್ಯ ಕಚ್ಚಿ ನೋಡಿದಳು. ‘ಖೋಟಾ ಅಲ್ಲ. ಹಂಗಾದ್ರ ಗುತ್ತೇದಾರ್ರಿಗೆ ಮೈಯಾಗ ನೆಟ್ಟಗಿಲ್ಲ.’


ಖುರ್ದಾದ್ ೩೧. ಸಂತೆ ದಿನ, ಮಧ್ಯಾಹ್ನ

ಆಳುಗಳೆಲ್ಲ ಮಕ್ತಲಿಗೆ. ಸಂತೆಯಲ್ಲಿ ನನಗೇನು ಕೆಲಸ. ಬುಕ್ಕು ಸರಿಮಾಡಲು ಸಡಕಿನ ಬದಿಯ ಡೇರೆಗೆ ಬಂದೆ.

ಗುಂಡಿಯಲ್ಲಿ ನರಸಯ್ಯ, ಶಿವಶಂಕರಪ್ಪನ ಮೇಸ್ತ್ರಿ. ಸಲಿಕೆ ಹಿಡಿದು ನಾಲ್ಕನೇ ಗುಡ್ಡೆಯ ತಲೆ ಕಡಿಯುತ್ತಿದ್ದ. ಮೂರು ಮುಗಿದಿದ್ದವು. ಅವಸರವಿಲ್ಲ. ಬೀಡಿ ಸೇದುತ್ತ, ನಿಂತು ಮಟ್ಟ ನೋಡುತ್ತ. ಒಂದೊಂದರಿಂದ ಒಂದೊಂದು ಅಡಿ. ಕಡಿದ ಮಣ್ಣನ್ನೂ ಬಿಡಲಿಲ್ಲ, ಬುಟ್ಟಿಯಲ್ಲಿ ಹೊತ್ತು ಸಡಕಿನ ಮೇಲೆ ಸುರಿದ. ಅದೂ ದುಡ್ಡೇ ತಾನೆ.

ನನ್ನನ್ನು ಕಂಡ. ಹೆದರಲಿಲ್ಲ. ‘ಏಂ ಚೇಸ್ತಾಂ ಮುನ್ಷಿಗಾರೂ’ ಎಂದ. ಏನು ಮಾಡೋಣ, ಎಂದು ನನಗೇ ಕೇಳುತ್ತಾನೆ. ಆಮೇಲೆ ಕನ್ನಡದಲ್ಲಿ, ‘ಧಣಿ ಹೇಳ್ಯಾರ. ಆದ್ರ ಈ ಒಣ ಹುಲ್ಲು ನೋಡ್ರಿ, ಕಿತ್ತು ಮತ್ತ ಇಡಾಕ ಹೋದ್ರ ಪುಡಿಪುಡಿ ಆಗ್ತೈತಿ.’

ಹಾಗಾಗಿ ಬಾವಿಯ ಮಗ್ಗುಲಿನ ಗರಿಕೆ ಕಿತ್ತು ತಂದ. ಒದ್ದೆ ಮಣ್ಣು ಮೆತ್ತಿ ಏಳು ತಲೆಗೂ ನೆಟ್ಟ. ನಾಲ್ಕು ತಿಂಗಳಿಂದ ಒಂದು ಹನಿ ಮಳೆಯಿಲ್ಲ. ಕಣ್ಣು ಹಾಯುವಷ್ಟು ದೂರ ನೆಲ ಬೂದಿ ಬಣ್ಣ. ನಡುವೆ ಏಳು ಹಸಿರು ಜುಟ್ಟು. ಮೋಸ ಮಾಡುವವನಿಗೆ ಇಷ್ಟಾದರೂ ಬುದ್ಧಿ ಬೇಡವೇ? ಬೇಡ. ಕೇಳುವವರಿದ್ದರೆ ತಾನೆ ಬುದ್ಧಿಯ ಖರ್ಚು.

‘ಹೆಂಗೈತಿ?’ ಎಂದು ನನ್ನನ್ನೇ ಕೇಳಿದ.

ಡೇರೆಯೊಳಗೆ ಹೋಗಿ ಹೊಸ ತಿಂಗಳ ಪುಟಕ್ಕೆ ಗೆರೆ ಎಳೆದೆ. ಗೆರೆ ನೆಟ್ಟಗೆ ಬಂತು. ನರಸಯ್ಯನನ್ನು ಬೈಯಲು ನನಗೆ ಯಾವ ಬಾಯಿ. ಅವನು ಕಡಿದದ್ದು ಮಣ್ಣು.


ತೀರ್ ೧

ಬೆಳಿಗ್ಗೆ ಅಳತೆ. ನರಸಯ್ಯ ಮೊದಲ ಗುಡ್ಡೆಗೆ ಕೋಲು ಹಚ್ಚಿ ‘ಮೂರು ಅಡಿ’ ಎಂದು ಕೂಗಿದ.

ಪೆಂಟಮ್ಮ ಗುಂಡಿಗೆ ಇಳಿದಳು. ಗುಡ್ಡೆಯ ಸುತ್ತ ಒಂದು ಸುತ್ತು ಹಾಕಿದಳು. ‘ಬರ್ರೇ ಎಲ್ಲಾರೂ! ಗುಡ್ಡಿಗೆ ಹರೇ ಬಂದೈತಿ! ತೆಲಿ ಮ್ಯಾಲೆ ಹಸೀ ಕರಿಕಿ!’

ಹದಿನಾರು ಮಂದಿಯೂ ಇಳಿದರು. ಪೆಂಟಮ್ಮ ಗುಡ್ಡೆಗೆ ಮೈ ಹಚ್ಚಿ ನಿಂತಳು. ‘ಮೊನ್ನಿ ಇದು ನನ್ನ ಎದಿಮಟ ಇತ್ತು. ಇವತ್ತು ಸೊಂಟಕ್ಕ ಬಂದೈತಿ. ಒಂದ ಸಂತಿ ಮಾಡಿ ಬರೂದ್ರಾಗ ನಾ ಎತ್ತರ ಬೆಳೆದೆನೇನು ಗುತ್ತೇದಾರ್ರ?’

‘ಬ್ಯಾಸಗಿ ಐತವಾ. ಬಿಸಿಲಿಗೆ ಮಣ್ಣು ಕುಗ್ತೈತಿ.’

‘ಮಣ್ಣು ಕುಗ್ಗಿತು, ಹುಲ್ಲು ಚಿಗಿತು! ಎಂಥಾ ಬಿಸಿಲ್ರೀ ಅದು? ನಮ್ಮ ಹೊಲದ ಮ್ಯಾಲೂ ಒಂದೀಟು ಬೀಳಂತ ಹೇಳ್ರಿ.’

ಬಾಲಮ್ಮ, ‘ದಂಡಿ ಅಳೀರಿ, ದಂಡಿ ಕುಗ್ಗಿಲ್ಲ’ ಎಂದಳು.

‘ದಂಡಿ ಲೆಕ್ಕಕ್ಕಿಲ್ಲ. ಗುಡ್ಡಿನ ಲೆಕ್ಕ. ನಿಮ್ಮ ಹಿರ್ಯಾರ ಕಾಲದಿಂದ ನೀವ ನಡಿಸಿಕೊಂಡು ಬಂದದ್ದು.’ ಶಿವಶಂಕರಪ್ಪ ನನ್ನ ಕಡೆ ತಿರುಗಿದ. ಮುಖದಲ್ಲಿ ನಗು. ‘ಅನುಮಾನ ಇದ್ರ ಅಯ್ಯನವ್ರನ್ನ ಕೇಳ್ರಿ. ಸಾಹೇಬ್ರು ಅಳದಾಗ ಟೇಪು ಹಿಡಿದವ್ರು ಅವ್ರು. ಎಷ್ಟಿತ್ತು ಅಯ್ಯನವರ?’

ಹದಿನೇಳು ಮುಖ. ಅದರಲ್ಲಿ ಒಂದು ಮಾತ್ರ ಸೆರಗಿನ ಅಡಿಯಲ್ಲಿ.

‘ಬುಕ್ಕು ಸಾಹೇಬ್ರ ಹತ್ರ ಐತಿ’ ಎಂದೆ.

ಪೆಂಟಮ್ಮ, ‘ಅಯ್ಯನವ್ರ ಬಾಯಿಗೂ ಯಾರೋ ಕರಿಕಿ ನೆಟ್ಟಾರ’ ಎಂದಳು.

ನಾಲ್ಕು ಅಡಿಗೆ ಎಂಟಾಣೆ. ಮೂರಕ್ಕೆ ಆರಾಣೆ. ತಿಂಗಳು ಪೂರ್ತಿ ಗಂಡಸಿನಷ್ಟು ತೋಡಿದವಳಿಗೆ ಮತ್ತೆ ಹೆಣ್ಣಿನ ಕೂಲಿಯ ಕಡೆಗೆ ತಳ್ಳು. ‘ನಾಲ್ಕಾಣೆ ಉಣ್ಣೋರಿಗೆ ಆರಾಣೆ ಕೊಟ್ರೂ ಉಪಕಾರ ಇಲ್ಲ’ ಎಂದು ಶಿವಶಂಕರಪ್ಪ ಡೇರೆಯಲ್ಲಿ ನಿಟ್ಟುಸಿರು ಬಿಟ್ಟ. ನಿಜವಾಗಿ ನೊಂದಿದ್ದ.

ಯಾರೂ ದುಡ್ಡು ಮುಟ್ಟಲಿಲ್ಲ. ಗುಡ್ಡೆ ಒಡೆಯಲು ನರಸಯ್ಯ ಬಂದರೆ, ಒಂದೊಂದು ಗುಂಡಿಯಲ್ಲಿ ಇಬ್ಬಿಬ್ಬರು, ಮೂವರು, ಗುಡ್ಡೆಗೆ ಬೆನ್ನು ಕೊಟ್ಟು ಕೂತುಬಿಟ್ಟರು. ಬುತ್ತಿಯೂ ಅಲ್ಲೇ. ಸಾಹೇಬರು ಬರುವತನಕ ಏಳುವುದಿಲ್ಲವಂತೆ.


ತೀರ್ ೨

ಶಿವಶಂಕರಪ್ಪ ಡೇರೆಗೆ ಬಂದ. ಇವತ್ತು ಕಾಲಿಗೆ ಬೀಳಲಿಲ್ಲ.

‘ಐದಕ್ಕ ಸಾಹೇಬ್ರು ಬರ್ತಾರ, ಮತ್ತ ಗುಂಡಿ ಅಳಿಯೂದಿಲ್ಲ. ಹೆಂಗಸರು ಏನರ ಒದರ್ಲಿ, ಅವರ ಮಾತು ಯಾರು ಕೇಳ್ತಾರ. ಫಾರ್ಮಿನ ಮ್ಯಾಲೆ ನಿಮ್ಮ ದಸ್ತಖತ್ ಇದ್ರ ಮುಗೀತು. ಗಂಡಾಳು ಹನ್ನೊಂದಾಣೆ, ಹೆಣ್ಣಾಳು ಎಂಟು. ಕೈಫಿಯತ್ ಏನೂ ಇಲ್ಲ.’

ಎಂಟು. ಕೊಡುವುದು ಆರು, ಬರೆಯುವುದು ಎಂಟು. ಅವರು ತೋಡಿ ಗಳಿಸಿದ ಎಂಟಾಣೆ ಅವರಿಗೇ ಸಿಗುವುದಿಲ್ಲ, ಹೈದರಾಬಾದಿನ ಗೆರೆಗೆ ಸಿಗುತ್ತದೆ.

‘ನೋಡೋಣ’ ಎಂದೆ. ಇಷ್ಟು ವರ್ಷದಲ್ಲಿ ಅವನಿಗೆ ‘ನೋಡೋಣ’ ಎಂದದ್ದು ಇದೇ ಮೊದಲು.

ಅವನು ಹತ್ತಿರ ಕೂತ. ದನಿ ಇಳಿಸಿದ. ‘ಏನು ನೋಡ್ತೀರಿ? ನೀವು ಖರೇ ಹೇಳೋ ಮನುಷ್ಯಾರು ಅಂತ ಯಾರು ನಂಬ್ತಾರ? ಗದ್ವಾಲದ ಬುಕ್ಕು ನನ್ನ ಪೆಟಗ್ಯಾಗ ಐತಿ. ತಮ್ಮನ್ನ ಗೈರು ಬರದ ಕೈ ಯಾವುದು ಅಂತ ಸಾಹೇಬ್ರ ಮುಂದ ತೆರೀತೀನಿ. ಆತನ ಹೆಂಡ್ತಿನೂ ಅಲ್ಲೇ ಗುಂಡ್ಯಾಗ ಕುಂತಾಳ. ಆಕಿನೂ ಕೇಳ್ಲಿ.’

ಎದ್ದು ಹೋಗುವಾಗ ವಿಭೂತಿ ಕೇಳಿದ. ಕೊಟ್ಟೆ. ಹಣೆಗೆ ಬಳಿದುಕೊಂಡು ಹೋದ.


ತೀರ್ ೪. ಸಂಜೆ

ಗರಿಕೆ ಒಣಗಿತು. ನಾಲ್ಕು ದಿನದ ಬಿಸಿಲು. ಇವತ್ತು ಏಳು ಗುಡ್ಡೆಯ ತಲೆಯೂ ನೆಲದ ಬಣ್ಣವೇ. ನಾಳೆ ಸಾಹೇಬರು ಬರುವಾಗ ಅದು ಹಸಿರಿತ್ತೆಂದು ಯಾವ ಹೆಂಗಸು ಹೇಳಿದರೂ ಯಾರೂ ನಂಬುವುದಿಲ್ಲ. ನರಸಯ್ಯನ ಪೆದ್ದತನವನ್ನು ಸೂರ್ಯನೇ ತಿದ್ದಿಕೊಟ್ಟ. ಸೂರ್ಯನೂ ಗುತ್ತೇದಾರನ ಸಂಬಳದವನೇ.

ಗುಂಡಿಯ ದಂಡೆಯಲ್ಲಿ ಕೂತಿದ್ದೆ. ಚನ್ನವ್ವ ಗುಡ್ಡೆಯ ಹತ್ತಿರದಿಂದ ಎದ್ದು ಬಂದಳು. ಎದುರು ನಿಂತಳು. ಬಾಗಿಲಿಲ್ಲದೆ ನನ್ನೊಡನೆ ಮಾತಾಡಿದ್ದು ಇದೇ ಮೊದಲು.

‘ಭಾವಾರ, ನಾಳೆ ದಸ್ತಖತ್ ಮಾಡ್ತೀರೇನು?’

ಕೈಗೆ ಸಿಕ್ಕ ಹೆಂಟೆ ಪುಡಿಮಾಡಿದೆ.

‘ಗುತ್ತೇದಾರ ಏನಂದ?’

‘ಏನಿಲ್ಲ.’

‘ಗದ್ವಾಲದ ಬುಕ್ಕು ತೆರೀತೀನಿ ಅಂದನೇನು?’

ಅವಳು ನೆಲ ನೋಡುತ್ತ ಹೇಳಿದಳು, ಕಾಳು ಆರಿಸಿದಷ್ಟು ನಿಧಾನ:

‘ಅವತ್ತು ಮುಂಜಾನೆ ಅವ್ರಿಗೆ ಬುತ್ತಿ ಕಟ್ಟಿ ಕಳಿಸಿದಾಕಿ ನಾನು. ಎರಡು ರೊಟ್ಟಿ, ಪುಂಡಿಪಲ್ಯ. ಮಣ್ಣು ಕೊಟ್ಟು ಬಂದ ಮ್ಯಾಲೆ ಮಂದಿ ಅಂದ್ರು, ಅವತ್ತು ರಜಾ ಇದ್ದನಂತ, ಬುಕ್ಕಿನ್ಯಾಗ ಹಂಗೈತಂತ. ರಜಾ ಇದ್ದವ ಯಾಕ ಬುತ್ತಿ ಒಯ್ತಾನ್ರಿ ಭಾವಾರ? ಬುಕ್ಕು ಬರಿಯೋರು ನೀವು ಒಬ್ರ.’

ನಾನು ಗುಡ್ಡೆಯ ಒಣ ತಲೆ ನೋಡಿದೆ.

‘ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಬಾಗಿಲ ಹಿಂದ ಕುಂತೆ. ನೀವು ರೊಟ್ಟಿ ತಿಂದು ಎದ್ದು ಹೋಗ್ತಿದ್ರಿ.’

ಗುಂಡಿಯಿಂದ ಪೆಂಟಮ್ಮ ‘ಚನ್ನವ್ವಾ, ನೀರು ತಾರೇ’ ಎಂದು ಕೂಗಿದಳು. ಇವಳು ಕೊಡ ಎತ್ತಿಕೊಂಡಳು.

‘ಗಂಡನ್ನ ಗೈರು ಮಾಡಿದ್ರಿ. ನನ್ನ ಮುಕ್ಕಾಲು ಮಾಡಬ್ಯಾಡ್ರಿ.’

ಹೋದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ತಡೆದುಕೊಳ್ಳುತ್ತಿದ್ದೆ.

ಇಷ್ಟು ದಿನ ಇಲ್ಲಿ ಎಲ್ಲರನ್ನೂ ಹೀಗಳೆದು ಬರೆದೆ — ಗುತ್ತೇದಾರ, ನರಸಯ್ಯ, ಎಲ್ಲೋ ಕೂತು ಗೆರೆ ಎಳೆಯುವವನು. ಅಕ್ಷರ ದುಂಡಗಿದೆ. ಒಂದು ರೊಟ್ಟಿಗೂ ಬಾಳದ ಬರವಣಿಗೆ.


ತೀರ್ ೫. ಬೆಳಿಗ್ಗೆ ಎಂಟು, ಡೇರೆ

ಹಾಜರಿ ಹಾಕಿದೆ. ಗುಂಡಿಯಲ್ಲಿ ಕೂತ ಹದಿನೇಳು ಮಂದಿಗೂ ಹಾಜರ್. ಕೆಲಸ ನಿಂತ ನಾಲ್ಕು ದಿನಕ್ಕೂ. ನರಸಯ್ಯ ‘ಇದೇನ್ರಿ’ ಎಂದ. ಬಂದವರನ್ನು ಬಂದರು ಎಂದು ಬರೆಯುವುದು ನನ್ನ ಕೆಲಸ ಎಂದೆ. ಅವನು ಓಡಿದ, ಧಣಿಗೆ ಹೇಳಲು.

ಸಾಹೇಬರ ಮೋಟಾರು ಬಂದು ನಿಂತಿದೆ. ಬೇವಿನ ಗಿಡದ ಕೆಳಗೆ ಶಿವಶಂಕರಪ್ಪ ಎಳನೀರು ಕೊಡುತ್ತಿದ್ದಾನೆ. ಪೆಂಟಮ್ಮ ಏನೋ ಕೂಗುತ್ತಿದ್ದಾಳೆ, ಸಾಹೇಬರು ಕೈಯೆತ್ತಿ ತಡೆಯುತ್ತಿದ್ದಾರೆ: ಮೊದಲು ಫಾರ್ಮು, ಮೊದಲು ಫಾರ್ಮು.

ಫಾರ್ಮು ನನ್ನೆದುರಿಗಿದೆ. ಬರೆದದ್ದು: ಗಂಡಾಳು ಎಂಟಾಣೆ. ಹೆಣ್ಣಾಳು ಆರಾಣೆ. ಹಿಂದಿನ ಫಾರ್ಮಿನ ಅಂಕಿ ಸುಳ್ಳು, ಬರೆದವನು ನಾನೇ.

ದಸ್ತಖತ್ತಿನ ಜಾಗ ಖಾಲಿ ಬಿಟ್ಟಿದ್ದೇನೆ. ಕೈಫಿಯತ್ತಿನ ಮನೆ ಎರಡು ಬೆರಳಗಲ. ಚಿತ್ತು ಆಗಬಾರದು. ಮೊದಲು ಇಲ್ಲಿ ಬರೆದುಕೊಂಡು ಅಲ್ಲಿ ಇಳಿಸುತ್ತೇನೆ —

‘ತಕರಾರು ಇದೆ. ಏಳು ಗುಂಡಿಯ ಆಳ ನಾಲ್ಕು ಅಡಿ, ಸಾಹೇಬರ ಬುಕ್ಕಿನಲ್ಲಿದೆ, ಟೇಪು ಹಿಡಿದವನು ನಾನು. ಖುರ್ದಾದ್ ಮೂವತ್ತೊಂದರಂದು ಗುಡ್ಡೆಗಳ ತಲೆ ಕಡಿಸಿ ಮೂರು ಅಡಿಯ ಕೂಲಿ ಕೊಡಲಾಗುತ್ತಿದೆ. ಕಡಿದದ್ದನ್ನು ಕಂಡವನು ನಾನು. ಕೂಲಿ ಪೂರ್ತಿ ಮುಟ್ಟಿಲ್ಲ.’

ಕರೆಯುತ್ತಿದ್ದಾರೆ. ‘ಅಯ್ಯನವರ, ಫಾರ್ಮು ತರ್ರಿ’ — ದನಿಯಲ್ಲಿ ಬೆಲ್ಲ. ತೊಡೆಯ ಮೇಲೆ ಗದ್ವಾಲದ ಬುಕ್ಕು ಇಟ್ಟುಕೊಂಡಿದ್ದಾನೆ, ಕಾಣುತ್ತಿದೆ. ತೆರೆಯಲಿ. ಅವನು ತೆರೆಯುವ ಮೊದಲು ನಾನು ಬರೆದಿರಬೇಕು.

ಕೈಫಿಯತ್ತಿನ ಮನೆಯಲ್ಲಿ ಇನ್ನೂ ಒಂದು ಸಾಲಿನ ಜಾಗ ಇದೆ.

‘ಇದೇ ಗುತ್ತೇದಾರ, ಗದ್ವಾಲದ ಗೋದಾಮು, ಬಹಮನ್ ೧೧. ವೀರಯ್ಯ, ಗೌಂಡಿ: ಹಾಜರ್.’